ತಾಹೆರೆಯ ಹಳೆಯ ಅಂಕಗಳು

ಬಿರ್ಜಂದ್ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಹೆಂಗಸರ ಓದುಕೋಣೆ ಅಂತ ಒಂದಿದೆ. ಕಿಟಕಿಗೆ ಬಣ್ಣ ಬಳಿದ ಗಾಜು, ಗೋಡೆಗೆ ಮುಖ ಮಾಡಿದ ಮೇಜುಗಳು, ಮೂಲೆಯಲ್ಲಿ ಸದಾ ಗುರುಗುಟ್ಟುವ ಗ್ಯಾಸ್ ಒಲೆ. ಅಲ್ಲಿ ಕೂರುವವರೆಲ್ಲ ಕೊಂಕೂರ್‌ಗೆ ಓದುವ ಹುಡುಗಿಯರು. ಡಾಕ್ಟರಾಗಲಿ, ಎಂಜಿನಿಯರಾಗಲಿ, ಮೇಷ್ಟರಾಗಲಿ, ದೇಶದಲ್ಲಿ ಯಾರು ಏನಾಗಬೇಕಾದರೂ ಆ ಒಂದು ಪರೀಕ್ಷೆಯ ಬಾಗಿಲಲ್ಲೇ ನುಗ್ಗಬೇಕು. ಹತ್ತೊಂಬತ್ತು ಇಪ್ಪತ್ತರ ಆ ಹುಡುಗಿಯರ ನಡುವೆ ಮೂವತ್ತು ದಾಟಿದ ತಾಹೆರೆ ಬಂದು ಕೂತಾಗ, ಯಾರದೋ ತಾಯಿ ಮಗಳನ್ನು ಕಾಯಲು ಬಂದಿದ್ದಾಳೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವಳು ಚೀಲದಿಂದ ಜೀವಶಾಸ್ತ್ರದ ಪುಸ್ತಕ ತೆಗೆದು ಗೀಟು ಎಳೆಯತೊಡಗಿದ ಮೇಲೆ ಪಿಸುಗುಟ್ಟಿದರು. ಆಮೇಲೆ ಅಭ್ಯಾಸವಾಯಿತು. ‘ಖಾಲೆ’ ಅಂತ ಕರೆಯತೊಡಗಿದರು, ಚಿಕ್ಕಮ್ಮ ಅಂತ.

ತಾಹೆರೆ ಸೂಲಗಿತ್ತಿಯಾಗಬೇಕೆಂದಿದ್ದಳು. ಹಳ್ಳಿ ಮುದುಕಿಯರ ಹಾಗಲ್ಲ, ವಿಶ್ವವಿದ್ಯಾಲಯದಲ್ಲಿ ಕಲಿತು, ಬಿಳಿ ಕೋಟು ಹಾಕಿಕೊಂಡು, ಆಸ್ಪತ್ರೆಯಲ್ಲಿ ಪಾಳಿ ಮಾಡುವ ಸೂಲಗಿತ್ತಿ. ಈ ಹುಚ್ಚು ಹತ್ತಿದ್ದು ಅವಳ ಎರಡನೆಯ ಬಸುರಿನಲ್ಲಿ. ತಿಂಗಳು ತುಂಬುವ ಮೊದಲೇ ನೋವು ಬಂದು ಆಸ್ಪತ್ರೆಗೆ ಸೇರಿದಳು, ಮಗು ಉಳಿಯಲಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಲಗಿ ಬಾಗಿಲ ಕಡೆ ನೋಡುತ್ತಿದ್ದಾಗ, ಅವಳ ಪಕ್ಕ ಇಡೀ ಹೊತ್ತು ನಿಂತಿದ್ದ ಸೂಲಗಿತ್ತಿ ಪಾಳಿ ಮುಗಿಸಿ ಹೊರಟಿದ್ದಳು. ಕಾರಿಡಾರಿನ ಬೆಂಚಿನ ಮೇಲೆ ಕಾಲು ಚಾಚಿ ಕೂತು, ರೊಟ್ಟಿಯೊಳಗೆ ಚೀಸ್ ಸುತ್ತಿ ತಿನ್ನುತ್ತಾ, ಗೆಳತಿ ಹೇಳಿದ ಯಾವುದೋ ಮಾತಿಗೆ ನಕ್ಕಳು. ಆ ನಗುವಿನ ಬಗ್ಗೆ ತಾಹೆರೆಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೈಮುರಿದು ದುಡಿದವರ ನಗು ಅದು. ತನಗೆ ಅಂಥ ದಣಿವು ಯಾವತ್ತೂ ಆಗಿಲ್ಲ, ಮನೆಗೆಲಸದ ದಣಿವಿನ ಕೊನೆಯಲ್ಲಿ ಹಾಗೆ ನಗು ಬರುವುದಿಲ್ಲ ಅಂತ ಅವಳಿಗೆ ಅನ್ನಿಸಿತು. ಇದನ್ನು ಯಾರಿಗೂ ಹೇಳಲಿಲ್ಲ. ಮಗಳು ಯೆಕ್ತಾ ಶಾಲೆಯಲ್ಲಿ ಎರಡಕ್ಷರ ಓದಲು ಕಲಿತ ಮೇಲೆ ಗಂಡನ ಮುಂದೆ, “ನಾನು ಕೊಂಕೂರ್ ಬರೀತೀನಿ” ಅಂದಳು ಅಷ್ಟೆ.

ಗಂಡ ಹೊಜ್ಜತ್ ಲಾರಿ ಓಡಿಸುತ್ತಿದ್ದ. ಟೈಲ್ಸ್ ತುಂಬಿಕೊಂಡು ಬಂದರ್ ಅಬ್ಬಾಸ್‌ಗೆ ಹೋಗುವುದು, ಅಲ್ಲಿಂದ ಏನು ಸಿಕ್ಕರೆ ಅದನ್ನು ತರುವುದು. ಒಳ್ಳೆಯವನು, ಮಾತು ಕಡಿಮೆ. “ಬರಿ” ಅಂದ. “ಅಮ್ಮನ್ನ ನೀನೇ ಸಂಭಾಳಿಸು.”

ಅವನ ತಾಯಿ ಬೀಬೀ ಕೌಕಬ್ ಅವರ ಜೊತೆಗೇ ಇದ್ದಳು. ಮಂಡಿನೋವಿನ ಮುದುಕಿ, ನಾಲಿಗೆ ಮಾತ್ರ ಇನ್ನೂ ಹರೆಯದ್ದು. ಸೊಸೆ ಪುಸ್ತಕ ಹಿಡಿದು ಹೊರಟಾಗಲೆಲ್ಲ, “ಹೋಗ್ತಾಯಿದಾಳೆ ನೋಡು ಡಾಕ್ಟ್ರಮ್ಮ, ಸೊಪ್ಪಿನ ಸಾರು ಒಲೆ ಮೇಲೆ, ಸೊಪ್ಪು ತೋಟದಲ್ಲಿ” ಅನ್ನುತ್ತಿದ್ದಳು.

ಮೊದಲ ಸಲ ತಾಹೆರೆ ಎಲ್ಲಿಯೋ ಹಿಂದೆ ಉಳಿದಳು. ಎರಡನೆಯ ಸಲ ಸೀಟಿನ ಹತ್ತಿರ ಹತ್ತಿರ ಬಂದಳು. ಅವಳನ್ನು ಎತ್ತಿದ್ದು ಗಣಿತವಲ್ಲ, ಭೌತಶಾಸ್ತ್ರವಂತೂ ಅಲ್ಲ. ಪಾರಸಿ ಸಾಹಿತ್ಯ ಮತ್ತು ಅರಬ್ಬಿ. ಆಗ ಕೊಂಕೂರ್‌ನಲ್ಲಿ ವಿಜ್ಞಾನದ ಜೊತೆ ಭಾಷೆ, ಧರ್ಮಪಾಠ ಇವೂ ಇದ್ದವು, ಯಾವ ಕೋರ್ಸಿಗಾದರೂ ಎಲ್ಲರೂ ಬರೆಯಬೇಕಿತ್ತು. ತಾಹೆರೆಯ ಅಪ್ಪ ಹಗ್ಗ ಹೊಸೆಯುವವನು. ಕೈ ಹೊಸೆಯುತ್ತಿದ್ದ ಹಾಗೇ ಬಾಯಿ ಹಳೆಯ ಪದ್ಯಗಳನ್ನು, ಅರಬ್ಬಿ ಪ್ರಾರ್ಥನೆಗಳನ್ನು ಅರ್ಥದ ಸಮೇತ ಹೇಳುತ್ತಿತ್ತು. ಅವಳು ಮಗುವಾಗಿದ್ದಾಗಲೇ ಆ ಹಗ್ಗದ ಇನ್ನೊಂದು ತುದಿ ಹಿಡಿದು ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಡಾಕ್ಟರಾಗುವ ಹುಡುಗಿಯರು ಅರಬ್ಬಿಯ ಕ್ರಿಯಾಪದ ಕಂಡರೆ ಅಳುತ್ತಿದ್ದರು, ತಾಹೆರೆಗೆ ಅದು ನೀರು ಕುಡಿದ ಹಾಗೆ. ಓದುಕೋಣೆಯಲ್ಲಿ ಅವಳ ಪಕ್ಕದ ಮೇಜಿನ ಹುಡುಗಿ ಪರಸ್ತೂ ಅವಳಿಂದ ಅರಬ್ಬಿ ಹೇಳಿಸಿಕೊಳ್ಳುತ್ತಿದ್ದಳು, ಬದಲಿಗೆ ಭೌತಶಾಸ್ತ್ರದ ಲೆಕ್ಕ ಬಿಡಿಸಿಕೊಡುತ್ತಿದ್ದಳು. ಪರಸ್ತೂ ಬೇಕರಿಯವನ ಮಗಳು, ತೆಳ್ಳಗೆ, ಉಗುರು ಕಚ್ಚುವ ಅಭ್ಯಾಸ. ಅವಳಿಗೂ ಸೂಲಗಿತ್ತಿಯ ಕೋರ್ಸೇ ಬೇಕಿತ್ತು. ಮೊದಲು ವೈದ್ಯೆಯಾಗಬೇಕೆಂದಿದ್ದವಳು, ಒಂದೊಂದು ಸಲ ಸೋತಾಗಲೂ ಒಂದೊಂದು ಮೆಟ್ಟಿಲು ಇಳಿದು ಅಲ್ಲಿಗೆ ಬಂದಿದ್ದಳು.

ಮೂರನೆಯ ವರ್ಷ ನಿಯಮ ಬದಲಾಯಿತು.

ಬದಲಾಗುತ್ತದಂತೆ ಅಂತ ಬಹಳ ದಿನದಿಂದ ಗಾಳಿಮಾತಿತ್ತು. ಒಂದು ವಾರ ಆಗುತ್ತೆ ಅನ್ನುವರು, ಮರುವಾರ ಮೇಲಿನವರು ತಡೆದರಂತೆ ಅನ್ನುವರು, ಅದರ ಮರುವಾರ ತಡೆದವರನ್ನೇ ತಡೆದರಂತೆ. ಯಾರೂ ಪೂರ್ತಿ ನಂಬಲಿಲ್ಲ. ಕೇಸರಿ ಕೊಯ್ಲಿನ ಹೊತ್ತಿಗೆ ಅದು ಗಟ್ಟಿಯಾಯಿತು. ಆವತ್ತು ಬೀಬೀಯ ಕೋಣೆಯಲ್ಲಿ ಬಟ್ಟೆ ಹಾಸಿ ನೇರಳೆ ಹೂವಿನ ರಾಶಿ ಸುರಿದಿದ್ದರು. ತಾಹೆರೆ, ಬೀಬೀ, ಇಬ್ಬರು ನೆರೆಯ ಹೆಂಗಸರು ಸುತ್ತ ಕೂತು ಹೂ ಬಿಡಿಸಿ ಕೆಂಪು ಎಸಳು ಎಳೆಯುತ್ತಿದ್ದರು. ಪರಸ್ತೂ ಚಪ್ಪಲಿ ಕಳಚುವುದನ್ನೂ ಮರೆತು ಒಳಗೆ ನುಗ್ಗಿದಳು.

“ಖಾಲೆ, ಆಗೋಯ್ತು. ಅರಬ್ಬಿ ತೆಗೆದುಬಿಟ್ರು. ಸಾಹಿತ್ಯನೂ ತೆಗೆದ್ರು. ಇನ್ಮೇಲೆ ಕೊಂಕೂರ್‌ನಲ್ಲಿ ನಮಗೆ ಬರೀ ವಿಜ್ಞಾನ, ಗಣಿತ.”

ತಾಹೆರೆಯ ಕೈ ನಿಂತಿತು. “ತಮಾಷೆ ಮಾಡ್ಬೇಡ್ವೇ.”

“ನಿಮ್ಮಾಣೆ. ಇನ್ನೂ ಇದೆ ಕೇಳಿ. ಸ್ಕೂಲಿನ ಕೊನೇ ವರ್ಷದ ಪರೀಕ್ಷೆ ಇದ್ಯಲ್ಲ, ಅದರ ಅಂಕನೂ ಸೇರಿಸ್ತಾರಂತೆ. ನೂರಕ್ಕೆ ನಲವತ್ತು ಪಾಲು ಅದೇ.”

“ಈಗ ಸ್ಕೂಲಲ್ಲಿರೋ ಮಕ್ಕಳಿಗೆ ತಾನೆ?”

“ಎಲ್ರಿಗೂ. ಯಾವ ಕಾಲದಲ್ಲಿ ಓದಿದ್ರೂ ಸರಿ, ಅವರವರ ಅಂಕ ಅವರವರಿಗೆ.” ಪರಸ್ತೂ ಅಲ್ಲೇ ಕುಸಿದು ಕೂತಳು. “ನನಗೆ ಆ ಪರೀಕ್ಷೆಯಲ್ಲಿ ಜ್ವರ ಇತ್ತು ಖಾಲೆ. ಏನು ಬರೆದೆ ಅಂತಾನೇ ನೆನಪಿಲ್ಲ. ನಿಮಗೆಷ್ಟು ಬಂದಿತ್ತು?”

ತಾಹೆರೆ ರಾಶಿಯಿಂದ ಇನ್ನೊಂದು ಹೂವು ಎತ್ತಿಕೊಂಡಳು. ಬೀಬೀ ಕೌಕಬ್ ಹೂವಿನಿಂದ ತಲೆಯೆತ್ತದೆ, “ದೇವ್ರು ದೊಡ್ಡೋನು” ಅಂದಳು. “ನಾನು ಐದು ಹೊತ್ತೂ ಬೇಡ್ಕೊಂಡಿದ್ದು ಸರ್ಕಾರದೋರಿಗೆ ಕೇಳುಸ್ತು ನೋಡು. ಎಳೀರೆ ಎಳೀರೆ, ಹೂವು ಬಾಡ್ತದೆ.” ನೆರೆಯವರು ನಕ್ಕರು.

ಆ ಅಂಕದ ಕತೆ ಹೀಗಿತ್ತು. ಶಾಲೆಯ ಕೊನೆಯ ವರ್ಷ ತಾಹೆರೆಗೆ ಹೊಜ್ಜತ್ ಜೊತೆ ನಿಶ್ಚಯವಾಗಿತ್ತು. ಅವನು ಆಗ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ಒಂದು ಹಳೆಯ ಕೆಂಪು ಬೈಕು, ಉಜ್ಜಿದರೂ ಹೋಗದ ಗ್ರೀಸಿನ ಬೆರಳು. ಶಾಲೆ ಬಿಡುವ ಹೊತ್ತಿಗೆ ಬೀದಿಯ ತಿರುವಿನಲ್ಲಿ ಕಾಯುತ್ತಿದ್ದ. ನೌರೂಜ್ ಹಬ್ಬ ಕಳೆದ ಆ ವಸಂತದಲ್ಲಿ ಅವರಿಬ್ಬರೂ ಊರ ಹೊರಗಿನ ಅಣೆಕಟ್ಟಿನವರೆಗೆ ಹೋಗಿ ಬಂದರು, ಬಾದಾಮಿ ಹೂಬಿಟ್ಟ ತೋಟಗಳ ಬೇಲಿಯಗುಂಟ ಸುಮ್ಮನೆ ನಡೆದರು, ಐಸ್‌ಕ್ರೀಮು ತಿಂದರು. ಪರೀಕ್ಷೆಯ ಹಿಂದಿನ ದಿನ ಪುಸ್ತಕ ತೆರೆದರೆ ಅಕ್ಷರದ ಮೇಲೆಲ್ಲ ಅವನೇ. ಹೇಗಿದ್ದರೂ ಮದುವೆ, ಅಂಕ ಯಾರಿಗೆ ಬೇಕು? ಆ ಕಾಲದಲ್ಲಿ ಪಾಸಾದರೆ ಸಾಕಿತ್ತು, ಕೊಂಕೂರ್ ಬರೆಯುವವರೂ ಶಾಲೆಯ ಅಂಕಕ್ಕೆ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಅವಳು ಪಾಸಾದಳು, ಅಷ್ಟೆ. ಇಪ್ಪತ್ತಕ್ಕೆ ಹನ್ನೆರಡರ ಆಸುಪಾಸು. ಫಲಿತಾಂಶ ನೋಡಿದ ದಿನ ಇಬ್ಬರೂ ನಕ್ಕಿದ್ದರು. ಅವಳ ಬದುಕಿನಲ್ಲಿ ಅಷ್ಟು ಹಗುರವಾಗಿ ನಕ್ಕ ಋತು ಇನ್ನೊಂದು ಬರಲಿಲ್ಲ.

ಈಗ ಆ ಋತುವೇ ಎದುರು ಬಂದು ನಿಂತಿತ್ತು.

ತಾಹೆರೆ ಆ ಚಳಿಗಾಲ ಹಲ್ಲು ಕಚ್ಚಿ ಓದಿದಳು. ಹೊಸ ಪದ್ಧತಿಯಲ್ಲಿ ಕೊಂಕೂರ್ ವರ್ಷಕ್ಕೆ ಎರಡು ಸಲ, ಚಳಿಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ. ಚಳಿಗಾಲದ್ದನ್ನು ಬರೆದು ಬಂದ ದಿನ ಅವಳಿಗೆ ಚೆನ್ನಾಗಿಯೇ ಆಯಿತು ಅನ್ನಿಸಿತ್ತು. ಹೌದು, ಚೆನ್ನಾಗಿಯೇ ಆಗಿತ್ತು. ಜೀವಶಾಸ್ತ್ರದಲ್ಲಿ ಪರಸ್ತೂವನ್ನೂ ಮೀರಿಸಿದ್ದಳು. ಆದರೆ ಹಳೆಯ ಅಂಕ ಸೇರಿ ಒಟ್ಟು ಲೆಕ್ಕ ಬಂದಾಗ, ಬಾವಿಯಿಂದ ಸೇದಿದ ಕೊಡವನ್ನು ಯಾರೋ ಹಿಡಿದು ಕೆಳಗೆ ಜಗ್ಗಿದ ಹಾಗೆ ಅವಳ ಸ್ಥಾನ ಎಲ್ಲಿಗೋ ಇಳಿದುಹೋಗಿತ್ತು.

ಹೊಜ್ಜತ್ ಆವತ್ತು ಮನೆಯಲ್ಲಿದ್ದ. ಊಟದ ಬಟ್ಟೆ ಹಾಸಿತ್ತು, ಮೊಸರು, ರೊಟ್ಟಿ, ಹುಳಿಹಣ್ಣು ಉದುರಿಸಿದ ಅನ್ನ. ಅವಳು ಫೋನು ಅವನ ಮುಂದೆ ಇಟ್ಟಳು. ಅವನು ನೋಡಿ, “ಪರವಾಗಿಲ್ಲ ಬಿಡು, ಬೇಸಿಗೆಗೆ ಇನ್ನೊಂದಿದ್ಯಲ್ಲ” ಅಂದ. ಸಮಾಧಾನಕ್ಕೆ ಅಂದ ಮಾತು.

“ಬೇಸಿಗೇಲೂ ಇದೇ ಅಂಕ ಇರುತ್ತೆ ಹೊಜ್ಜತ್. ಸಾಯೋವರೆಗೂ ಇದೇ ಇರುತ್ತೆ.”

“ಆಗ ಓದಿದ್ರೆ ಚೆನ್ನಾಗಿತ್ತು. ಏನ್ಮಾಡೋದು.”

“ಯಾರು ಓದೋಕೆ ಬಿಟ್ರು? ನೀನು ದಿನಾ ಬಂದು ಆ ದರಿದ್ರ ಬೈಕ್ ತಂದು ನಿಲ್ಲಿಸ್ತಿದ್ದೆಯಲ್ಲ. ಹಾರ್ನ್ ಹೊಡೀತಿದ್ದೆ.”

“ನಾನು ಹಾರ್ನ್ ಹೊಡೆದೆ. ಹತ್ತಿ ಕೂತಿದ್ದು ಯಾರು?”

“ಬುದ್ಧಿ ಇರ್ಲಿಲ್ಲ, ಕೂತೆ. ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ. ಆ ವರ್ಷ ಒಂದು ಇಲ್ದೇ ಇದ್ದಿದ್ರೆ…”

ಅವನ ಮುಖ ನೋಡಿ ಅವಳು ಮಾತು ತಡೆದಳು. ಹೊಜ್ಜತ್ ರೊಟ್ಟಿ ಕೆಳಗಿಟ್ಟ. ಪಕ್ಕದ ಕೋಣೆಯಲ್ಲಿ ಯೆಕ್ತಾ ಟಿ.ವಿ. ದನಿ ಜೋರು ಮಾಡಿದಳು. ಬೀಬೀ ಕೌಕಬ್ ಮೊಸರಿನ ಬಟ್ಟಲನ್ನು ಮಗನ ಕಡೆ ಸರಿಸಿದಳು. ಹೊಜ್ಜತ್ ಎದ್ದು ಕೈ ತೊಳೆದು ಲಾರಿ ನೋಡಲು ಹೋದ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಆಮೇಲೆ ಅವನು ಜಗಳ ಆಡಲಿಲ್ಲ. ಅದೇ ಕೆಟ್ಟದಾಯಿತು. ಮೊದಲೆಲ್ಲ ಬಂದರಿನಿಂದ ಫೋನು ಮಾಡಿ ಸಮುದ್ರದ ಸೆಕೆಯನ್ನು ಬೈಯುತ್ತಿದ್ದವನು, ಈಗ “ತಲುಪಿದೆ” ಅಂತ ಒಂದು ಮಾತು ಕಳಿಸಿ ಸುಮ್ಮನಾಗುತ್ತಿದ್ದ. ಒಂದು ಲೋಡು ಇಳಿಸಿ ಮನೆಗೆ ಬರದೆ ಇನ್ನೊಂದು ಲೋಡು ಹಿಡಿಯುತ್ತಿದ್ದ. ನೌರೂಜ್ ಹಬ್ಬಕ್ಕೆ ಬಂದ, ಹೊಸ ಬಟ್ಟೆ ತಂದ, ಮಗಳ ಜೊತೆ ಮೊಟ್ಟೆಗೆ ಬಣ್ಣ ಹಚ್ಚಿದ. ಹೆಂಡತಿಯ ಜೊತೆ ಅಕ್ಕಿ, ಗ್ಯಾಸು, ಅಮ್ಮನ ಮಾತ್ರೆ ಇಷ್ಟೇ ಮಾತು. ತಾಹೆರೆಗೆ ಕ್ಷಮೆ ಕೇಳಬೇಕು ಅನ್ನಿಸುತ್ತಿತ್ತು. ಆದರೆ ಕೇಳಿದರೆ ಸುಳ್ಳಾಗುತ್ತದೆ ಅಂತಲೂ ಅನ್ನಿಸುತ್ತಿತ್ತು. ಯಾಕೆಂದರೆ ಓದುಕೋಣೆಯ ಗೋಡೆಗೆ ಮುಖ ಮಾಡಿ ಕೂತಾಗ ಅವಳು ನಿಜವಾಗಿಯೂ ಆ ಹುಡುಗಿಯನ್ನು, ಬೈಕಿನ ಹಿಂದೆ ತಲೆಮೇಲಿನ ಚಾದರು ಹಾರಿಸಿಕೊಂಡು ಕೂತ ಹುಡುಗಿಯನ್ನು, ಕೆನ್ನೆಗೆ ಹೊಡೆಯಬೇಕು ಅಂದುಕೊಳ್ಳುತ್ತಿದ್ದಳು.

ದಾರಿಯೊಂದು ಇತ್ತು. ಹಳೆಯ ಅಂಕ ಬೇಡದವರು ಶಾಲೆಯ ಕೊನೆಯ ಪರೀಕ್ಷೆಯನ್ನು ಮತ್ತೆ ಬರೆದು ‘ರಿಪೇರಿ’ ಮಾಡಿಕೊಳ್ಳಬಹುದು ಅಂತ ಹೇಳಿದ್ದರು. ಹಾಗೆ ಬರೆದರೆ ಎಲ್ಲ ವಿಷಯವನ್ನೂ ಬರೆಯಬೇಕು. ಪರಸ್ತೂ ಇದನ್ನು ಹೇಳಿ ತಲೆ ಮೇಲೆ ಕೈ ಹೊತ್ತಳು, “ನನ್ನ ಕರ್ಮ, ಅರಬ್ಬಿ ಮತ್ತೆ ಬಂತು.” ತಾಹೆರೆ ಮಾತ್ರ ಬಹಳ ದಿನದ ಮೇಲೆ ನಕ್ಕಳು. ಮುಂಬಾಗಿಲಿಂದ ಹೊರಗೆ ಹಾಕಿದ್ದ ಅವಳ ಅರಬ್ಬಿ ಹಿತ್ತಿಲ ಬಾಗಿಲಿಂದ ಒಳಗೆ ಬಂದಿತ್ತು. ಇಬ್ಬರೂ ಹೆಸರು ಕೊಟ್ಟರು.

ಬೇಸಿಗೆಯ ಮೊದಲ ಪರೀಕ್ಷೆಯ ಬೆಳಗ್ಗೆ ಶಾಲೆಯ ಗೇಟಿನಲ್ಲಿ ನಿಂತಿದ್ದ ಹೆಂಗಸು ತಾಹೆರೆಯನ್ನು ತಡೆದಳು. “ತಾಯಂದಿರು ಹೊರಗಡೆ ನಿಲ್ಲಿ ಖಾನೂಮ್. ಮಗಳನ್ನ ಮಾತ್ರ ಒಳಗೆ ಕಳ್ಸಿ.”

“ಮಗಳು ಅಲ್ಲ, ನಾನೇ” ಅಂದಳು ತಾಹೆರೆ, ಪ್ರವೇಶಪತ್ರ ತೋರಿಸಿ.

ಗೇಟಿನವಳು ಫೋಟೋ ನೋಡಿದಳು, ಮುಖ ನೋಡಿದಳು. “ಅಯ್ಯೋ. ಈ ವಯಸ್ಸಲ್ಲಿ ಯಾಕಮ್ಮಾ?”

ಹಿಂದಿದ್ದ ಪರಸ್ತೂ ಕೆಂಡವಾದಳು. “ಯಾಕೆ, ನಿಮ್ಮ ಕುರ್ಚಿ ಬೇಕಂತೆ ಅವರಿಗೆ. ಬಿಡ್ತೀರಾ ಒಳಗೆ, ಬೆಲ್ ಆಯ್ತು.”

ಬೆಂಚು ಚಿಕ್ಕ ಹುಡುಗಿಯರಿಗೆಂದು ಮಾಡಿದ್ದು, ಮಂಡಿ ತಾಗುತ್ತಿತ್ತು. ಸುತ್ತ ಶಾಲೆಯ ಮಕ್ಕಳು, ಬೆವರಿದ ಮುಖಗಳು. ಮೊದಲು ಅದು ಬರೀ ಪಾಸಾಗುವ ಪರೀಕ್ಷೆಯಾಗಿತ್ತು, ಮಕ್ಕಳು ನಗುತ್ತಾ ಬಂದು ಹೋಗುತ್ತಿದ್ದರು. ಈಗ ಕೊಂಕೂರ್‌ನ ಭಯವೆಲ್ಲ ಈ ಕೋಣೆಗೂ ಬಂದು ಸೇರಿತ್ತು. ಮುಂದಿನ ಸಾಲಿನ ಒಬ್ಬಳು ಪ್ರಶ್ನೆಪತ್ರಿಕೆ ಕೊಡುವ ಮೊದಲೇ ಬಿಕ್ಕಿ ಬಿಕ್ಕಿ ಅಳತೊಡಗಿದಳು, ಮೇಷ್ಟರಮ್ಮ ಸಕ್ಕರೆ ನೀರು ತಂದರು. ತಾಹೆರೆಗೆ ಯೆಕ್ತಾಳ ನೆನಪಾಯಿತು. ಇನ್ನು ಕೆಲವು ವರ್ಷಕ್ಕೆ ಅವಳೂ ಇಲ್ಲಿಯೇ ಕೂರುತ್ತಾಳೆ.

ಸಾಹಿತ್ಯ, ಅರಬ್ಬಿ, ಜೀವಶಾಸ್ತ್ರ ಹೂ ಎತ್ತಿದ ಹಾಗೆ ಆದವು. ರಸಾಯನ ಪರವಾಗಿಲ್ಲ. ಭೌತಶಾಸ್ತ್ರದ ದಿನ ಅರ್ಧ ಹೊತ್ತು ಬರೀ ಕಾಗದ ನೋಡುತ್ತಾ ಕೂತಳು. ಹೊರಗೆ ಬಂದಾಗ ಪರಸ್ತೂ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದಳು. “ನನಗಿನ್ನು ಆಗಲ್ಲ ಖಾಲೆ. ಅಪ್ಪನ ಅಂಗಡೀಲಿ ಹಿಟ್ಟು ನಾದ್ತೀನಿ. ಪ್ರತಿ ವರ್ಷ ಆಟದ ಮಧ್ಯೆ ಆಟಾನೇ ಬದಲಾಯಿಸ್ತಾರೆ.”

“ನಾದು, ಯಾರು ಬೇಡ ಅಂದ್ರು? ನಾಡಿದ್ದು ಅರಬ್ಬಿ ಅಲ್ಲ ಗಣಿತ, ಅದನ್ನ ಬರೆದು ಆಮೇಲೆ ನಾದು. ಏಳು, ಬಿಸಿಲು ತಲೆ ಸುಡ್ತಿದೆ.” ಅವಳ ಕೈ ಹಿಡಿದು ಎಬ್ಬಿಸಿದಳು. ಹುಡುಗಿಯ ಬೆರಳ ತುದಿಗಳಲ್ಲಿ ಉಗುರೇ ಉಳಿದಿರಲಿಲ್ಲ.

ಅಂಕಗಳು ಬಂದವು. ಭೌತಶಾಸ್ತ್ರ ಕೈಕೊಟ್ಟಿತ್ತು, ಆದರೂ ಸರಾಸರಿ ಇಪ್ಪತ್ತಕ್ಕೆ ಹದಿನೇಳು ದಾಟಿತ್ತು. ಹೊಜ್ಜತ್ ಬಂದಿದ್ದ ಸಂಜೆ ಅವಳೇ ಚಹಾ ತಂದಿಟ್ಟು ಹೇಳಿದಳು. ಅವನು ಸಕ್ಕರೆ ತುಂಡು ಹಲ್ಲಿಗೆ ಸಿಕ್ಕಿಸಿ ಒಂದು ಗುಟುಕು ಕುಡಿದ.

“ಒಳ್ಳೇದಾಯ್ತು. ಹಳೇದು ಏನಾಗುತ್ತೆ?”

“ಹಳೇದು ಇನ್ನು ಲೆಕ್ಕಕ್ಕಿಲ್ಲ. ತೆಗೆದು ಇದನ್ನ ಹಾಕ್ತಾರೆ.”

“ಅಳಿಸಿಬಿಡ್ತಾರಾ?”

“ಹೂಂ.”

ಅವನು ಲೋಟದೊಳಗೆ ನೋಡುತ್ತಾ ಕೂತ. “ಸರಿ. ನಿನಗೆ ಬೇಕಿದ್ದಿದ್ದು ಅದೇ ತಾನೆ” ಅಂದ. ತಾಹೆರೆ ಅವನ ಪಕ್ಕಕ್ಕೆ ಸರಿದು ಕೂತಳು. “ಹೊಜ್ಜತ್, ನಾನು ಅವತ್ತು ಅಂದಿದ್ದು…” “ಬಿಡು, ಲೋಡು ಬೇಗ ಹೊರಡಬೇಕು” ಅಂತ ಅವನು ಎದ್ದ.

ಬೇಸಿಗೆಯ ಕೊಂಕೂರ್ ಆಯಿತು. ಈ ಸಲ ಯಾರೂ ಕೊಡ ಕೆಳಗೆ ಜಗ್ಗಲಿಲ್ಲ. ಸ್ಥಾನ ಬಂದಿತ್ತು. ಆದರೆ ಬಿರ್ಜಂದ್‌ನಲ್ಲೇ ಸೂಲಗಿತ್ತಿಯ ಸೀಟು ಸಿಗುವುದೋ ಇಲ್ಲವೋ ಅನ್ನುವ ಅಂಚಿನ ಸ್ಥಾನ. ಬೇರೆ ಊರು ಬರೆದರೆ ಸಿಗುವುದು ಖಂಡಿತ. ಜಾಬೋಲ್‌ನಲ್ಲಿ ಕಾಲೇಜಿತ್ತು. ಗಡಿಯ ಊರು, ವರ್ಷದ ಅರ್ಧ ಧೂಳಿನ ಗಾಳಿ, ಬಸ್ಸಿನಲ್ಲಿ ಹಗಲೆಲ್ಲ ಪ್ರಯಾಣ. ಪರಸ್ತೂ ಕಣ್ಣುಮುಚ್ಚಿ ಅದನ್ನು ಬರೆದಳು. “ನೀವೂ ಬರೀರಿ ಖಾಲೆ, ಇಬ್ರೂ ಒಂದೇ ಹಾಸ್ಟೆಲಲ್ಲಿ ಇರೋಣ. ನೀವು ಅಡುಗೆ ಮಾಡಿ, ನಾನು ತಿಂತೀನಿ.”

ಆಯ್ಕೆ ಬರೆಯುವ ದಿನ ಹೊಜ್ಜತ್ ಊರಲ್ಲಿದ್ದ. ತಾಹೆರೆ ಅವನನ್ನು ಕೂರಿಸಿಕೊಂಡು ಒಂದೊಂದೇ ಊರು ಓದಿದಳು. ಜಾಬೋಲ್ ಅಂದಾಗ ಅವನು ತಲೆಯಾಡಿಸಿದ.

“ಅದು ಬೇಡ. ನಾನು ದಾರಿ ಮೇಲೆ, ನೀನು ಜಾಬೋಲಲ್ಲಿ. ಯೆಕ್ತಾ ಎಲ್ಲಿ ಹೋಗ್ಬೇಕು? ಅಮ್ಮ?”

“ಒಂದೆರಡು ವರ್ಷ. ಆಮೇಲೆ ಇಲ್ಲಿಗೆ ವರ್ಗ ಕೇಳಬಹುದಂತೆ.”

“ತಾಹೆರೆ, ಬೇಡ. ಇಲ್ಲೇ ಏನಾದ್ರೂ ಸಿಗುತ್ತೆ, ಬರಿ.”

ಎಷ್ಟೋ ತಿಂಗಳ ಮೇಲೆ ಅವನು ಅವಳ ಹೆಸರು ಹಿಡಿದು ಕರೆದಿದ್ದ. ಅವಳು ವಾದ ಮಾಡಬಹುದಿತ್ತು. ಬೀಬೀಯನ್ನು ನಾದಿನಿಯ ಮನೆಯಲ್ಲಿ ಬಿಡಬಹುದು, ಮಗಳನ್ನು ತನ್ನ ತಾಯಿ ನೋಡಿಕೊಳ್ಳುತ್ತಾಳೆ, ಎಲ್ಲ ಅವಳ ಬಾಯಿಯ ತುದಿಯಲ್ಲೇ ಇತ್ತು. ಆದರೆ ಚಳಿಗಾಲದಿಂದ ಮನೆಯಲ್ಲಿ ಕೂತಿದ್ದ ಆ ಮೌನಕ್ಕೆ ಏನಾದರೂ ಕೊಡಲೇಬೇಕು ಅಂತ ಅವಳಿಗೆ ಅನ್ನಿಸಿತ್ತು. ಜಾಬೋಲನ್ನು ಕೊಟ್ಟಳು. ಬಿರ್ಜಂದ್‌ನ ಸೂಲಗಿತ್ತಿಯ ಕೋರ್ಸು ಮೊದಲು, ಅದರ ಕೆಳಗೆ ಬಿರ್ಜಂದ್‌ನಲ್ಲೇ ಇದ್ದ ಸಾರ್ವಜನಿಕ ಆರೋಗ್ಯದ ಕೋರ್ಸು, ಎರಡನ್ನೇ ಬರೆದಳು.

ಬೇಸಿಗೆಯ ಕೊನೆಗೆ ಫಲಿತಾಂಶ ಬಂತು. ಊರಿನ ಸೂಲಗಿತ್ತಿಯ ಸೀಟುಗಳು ಅವಳಿಗಿಂತ ಸ್ವಲ್ಪ ಮೇಲೆ ಮುಗಿದುಹೋಗಿದ್ದವು. ಅವಳಿಗೆ ಸಿಕ್ಕಿದ್ದು ಸಾರ್ವಜನಿಕ ಆರೋಗ್ಯ. ಅವಳಿಗಿಂತ ಕೆಳಗಿದ್ದ ಪರಸ್ತೂಗೆ ಜಾಬೋಲ್‌ನಲ್ಲಿ ಸೂಲಗಿತ್ತಿಯ ಸೀಟು ಸಿಕ್ಕಿತ್ತು. ಪರಸ್ತೂ ಅಪ್ಪನ ಬೇಕರಿಯಿಂದ ಸಿಹಿ ತಂದಳು. ಬಾಗಿಲಲ್ಲೇ ನಿಂತು ತಾಹೆರೆಯನ್ನು ತಬ್ಬಿಕೊಂಡು ಅತ್ತಳು. ಯಾರಿಗಾಗಿ ಅಳುತ್ತಿದ್ದಾಳೆ ಅಂತ ಅವಳಿಗೇ ಗೊತ್ತಿದ್ದ ಹಾಗಿರಲಿಲ್ಲ. ತಾಹೆರೆ ಸಿಹಿ ತಿಂದಳು, “ಶುಭವಾಗ್ಲಿ, ದಪ್ಪ ಸಾಕ್ಸ್ ತಗೊಂಡು ಹೋಗು” ಅಂದಳು. ಪರಸ್ತೂ ಹೋದ ಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತಳು.

ಹೊಜ್ಜತ್‌ಗೆ ಅವಳು ಫೋನಿನಲ್ಲಿ ಹೇಳಿದಳು. ಅವನು ಎಲ್ಲೋ ಚಹಾ ಅಂಗಡಿಯಲ್ಲಿದ್ದ, ಹಿಂದೆ ಲಾರಿಗಳ ಸದ್ದು.

“ಆ ಹುಡುಗಿಗೆ ಸಿಕ್ತಾ?” ಅಂದ.

“ಸಿಕ್ತು.”

“ಜಾಬೋಲ್ ಬರೀಬೇಕಿತ್ತು ನೀನು.”

“ನೀನೇ ಬೇಡ ಅಂದೆ.”

“ಅಂದೆ.” ಹಿಂದೆ ಒಂದು ಲಾರಿ ಹಾದುಹೋಯಿತು. “ನಾನು ಅಂದ್ರೆ ನೀನು ಕೇಳ್ಬಿಡೋದಾ? ಎಲ್ಲದಕ್ಕೂ ಜಗಳ ಆಡ್ತೀಯ, ಅದೊಂದಕ್ಕೆ ಆಡ್ಲಿಲ್ವಲ್ಲ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಸಂಜೆ ಅವನು ಸಮುದ್ರದ ಸೆಕೆಯನ್ನು ಬೈಯುತ್ತಾ ಮತ್ತೆ ಫೋನು ಮಾಡಿದ. ಅಷ್ಟಾದರೂ ಉಳಿಯಿತು ಅಂತ ಅವಳು ಅಂದುಕೊಂಡಳು.

ಇನ್ನೊಂದು ವರ್ಷ ಬರೆಯೋಣ ಅಂದರೆ ಅದಕ್ಕೂ ನಿಯಮ ಅಡ್ಡ ಬಂತು. ಸರ್ಕಾರಿ ಕಾಲೇಜಿನ ಪುಕ್ಕಟೆ ಹಗಲು ಸೀಟು ಸಿಕ್ಕಿದವರು ಅದನ್ನು ಬಿಟ್ಟರೆ ಮರುವರ್ಷ ಅಂಥ ಸೀಟಿಗೆ ಕೂರುವ ಹಾಗಿಲ್ಲ. ಅದೂ ಅಲ್ಲದೆ ಶಾಲೆಯ ಅಂಕದ ಪಾಲು ಇನ್ನೂ ಏರಿಸುತ್ತಾರಂತೆ, ಇಳಿಸುತ್ತಾರಂತೆ, ಇನ್ನೊಂದು ವರ್ಷದ ಅಂಕವನ್ನೂ ಸೇರಿಸುತ್ತಾರಂತೆ ಅಂತ ಓದುಕೋಣೆಯಲ್ಲಿ ಮತ್ತೆ ಗುಸುಗುಸು ಶುರುವಾಗಿತ್ತು. ತಾಹೆರೆ ಅಲ್ಲಿಂದ ತನ್ನ ಪುಸ್ತಕ, ಚಹಾ ಲೋಟ, ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದ ದಿಂಬು ಎತ್ತಿಕೊಂಡು ಬಂದಳು. ಹೆಸರು ನೋಂದಾಯಿಸುವ ಕೊನೆಯ ದಿನ ಹೋಗಿ ಸಾರ್ವಜನಿಕ ಆರೋಗ್ಯಕ್ಕೆ ಸೇರಿದಳು.

“ಅದ್ರಲ್ಲಿ ಏನು ಮಾಡ್ತಾರೆ?” ಅಂತ ಬೀಬೀ ಕೌಕಬ್ ಕೇಳಿದಳು.

“ನೀರು ಚೊಕ್ಕಟ ಇದ್ಯಾ, ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿದಾರಾ, ಅದೆಲ್ಲ ನೋಡ್ತಾರೆ ಬೀಬೀ.”

“ಇಷ್ಟಕ್ಕೆ ಅಷ್ಟು ವರ್ಷ ಓದಿದ್ಯಾ? ನಾನೇ ನೋಡ್ತಿದ್ನಲ್ಲೇ.” ಮಂಡಿ ಉಜ್ಜಿಕೊಳ್ಳುತ್ತಾ ಮುದುಕಿ ಹೇಳಿದಳು, “ಹೋಗ್ಲಿ ಬಿಡು. ಬೆಳಿಗ್ಗೆ ಸಾರು ನಾನು ಇಡ್ತೀನಿ. ಸೊಪ್ಪು ಹೆಚ್ಚಿಟ್ಟು ಹೋಗು, ಮಂಡಿ ಬಗ್ಗಲ್ಲ.”

ಓದು ಕಷ್ಟವಾಗಲಿಲ್ಲ. ತರಗತಿಯಲ್ಲೂ ಅವಳು ಖಾಲೆಯೇ. ಪರಸ್ತೂ ಜಾಬೋಲ್‌ನಿಂದ ಮೊದಮೊದಲು ದಿನಾ ಫೋನು ಮಾಡುತ್ತಿದ್ದಳು, ಧೂಳು, ಹಾಸ್ಟೆಲಿನ ಅನ್ನ, ಮೊದಲ ಸಲ ಹೆರಿಗೆ ನೋಡಿ ತಲೆತಿರುಗಿದ್ದು ಎಲ್ಲ ಹೇಳುತ್ತಿದ್ದಳು. ತಾಹೆರೆ ಎಲ್ಲ ಕೇಳಿ, ಇನ್ನೂ ಕೇಳಿ, ಫೋನು ಇಟ್ಟ ಮೇಲೆ ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ಫೋನು ಬಂದಾಗ ಕೈ ಒದ್ದೆ ಇದೆ ಅಂತ ಮಗಳಿಗೆ ನೆಪ ಹೇಳಿ ಎತ್ತಲಿಲ್ಲ. ಕೈ ಒದ್ದೆ ಇರಲಿಲ್ಲ.

ಮರುವರ್ಷ ಚಳಿ ಇಳಿಯುವ ಹೊತ್ತಿಗೆ ಅವರ ತಂಡವನ್ನು ಬೆಟ್ಟದಾಚೆಯ ಒಂದು ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಎರಡು ಕೋಣೆಯ ಕಟ್ಟಡ. ತಾಹೆರೆಗೆ ಮಕ್ಕಳನ್ನು ತೂಗುವ ಕೆಲಸ ಕೊಟ್ಟರು. ಚಿಕ್ಕ ತೊಟ್ಟಿಲಿನಂಥ ತಕ್ಕಡಿ, ಅದರಲ್ಲಿ ಮಲಗಿಸಿದ ಕೂಡಲೇ ಕಿರುಚುವ ಕೂಸುಗಳು. ಬಾಗಿಲಲ್ಲಿ ತುಂಬು ಬಸುರಿಯೊಬ್ಬಳು ಗೋಡೆ ಹಿಡಿದು ನಿಂತಿದ್ದಳು, ಹುಡುಗಿಯೇ, ಪರಸ್ತೂಗಿಂತ ಚಿಕ್ಕವಳು, ಪಾದ ಊದಿ ರಬ್ಬರು ಚಪ್ಪಲಿಯಿಂದ ಹೊರಗೆ ಬಂದಿತ್ತು. ಬಿಳಿ ಕೋಟು ನೋಡಿ ತಾಹೆರೆಯ ತೋಳು ಹಿಡಿದಳು.

“ಖಾನೂಮ್, ಕೂಸು ಅಡ್ಡಡ್ಡ ಮಲಗಿರೋ ಹಂಗೆ ಅನ್ಸುತ್ತೆ. ಒಸಿ ಮುಟ್ಟಿ ನೋಡ್ತೀರಾ?”

ತಾಹೆರೆಯ ಕೈ ಅವಳಿಗೆ ಗೊತ್ತಿಲ್ಲದೆ ಮುಂದೆ ಹೋಗಿತ್ತು. ಅರ್ಧದಲ್ಲಿ ನಿಲ್ಲಿಸಿದಳು.

“ನಾನು ಅದನ್ನ ಕಲ್ತಿಲ್ಲಮ್ಮ. ಸೂಲಗಿತ್ತಿ ಬೇರೆ ಇದಾರೆ, ಪಕ್ಕದ ಊರಿಗೆ ಹೋಗಿದಾರೆ, ಬರ್ತಾರೆ. ಕೂತ್ಕೋ ಬಾ.”

“ನೀವು ಮತ್ತೆ ಏನು ಕಲ್ತಿದೀರಿ?” ಅಂತ ಹುಡುಗಿ ಮುಗ್ಧವಾಗಿ ಕೇಳಿದಳು.

“ತೂಗೋದು” ಅಂದಳು ತಾಹೆರೆ. ಹುಡುಗಿ ನಕ್ಕಳು, ನಕ್ಕದ್ದಕ್ಕೆ ನೋವು ಬಂದು ಸೊಂಟ ಹಿಡಿದುಕೊಂಡಳು. ತಾಹೆರೆ ಅವಳನ್ನು ಬೆಂಚಿನ ಮೇಲೆ ಕೂರಿಸಿ, ಕಾಲಿನ ಕೆಳಗೆ ಪೆಟ್ಟಿಗೆಯೊಂದನ್ನು ಸರಿಸಿ, ಬಿಸಿ ನೀರು ತಂದುಕೊಟ್ಟು ಪಕ್ಕದಲ್ಲೇ ಕೂತಳು. ಹುಡುಗಿ ತೋಳು ಬಿಡಲಿಲ್ಲ. ಹೊರಗೆ ಜೀಪು ನಿಂತ ಸದ್ದಾಗಿ ಸೂಲಗಿತ್ತಿ ಒಳಗೆ ಬಂದಳು. ಇಪ್ಪತ್ತಾರು ಇಪ್ಪತ್ತೇಳರವಳು, ಬಿಳಿ ಬೂಟಿಗೆ ಕೆಸರು. ಹುಡುಗಿಯ ಹೊಟ್ಟೆಯನ್ನು ಕಣ್ಣಿನಲ್ಲೇ ಒಮ್ಮೆ ಅಳೆದು, “ಬಾ ಚಿನ್ನ” ಅಂತ ಕೈಹಿಡಿದು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಪರದೆ ಎಳೆದಳು.

ತಾಹೆರೆ ಸ್ವಲ್ಪ ಹೊತ್ತು ಆ ಪರದೆಯನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ತಕ್ಕಡಿಯ ಮೇಲೆ ಹೊಸ ಬಟ್ಟೆ ಹಾಸಿ, ಸಾಲಿನಲ್ಲಿದ್ದ ಮುಂದಿನ ತಾಯಿಯಿಂದ ಕೂಸನ್ನು ಇಸಿದುಕೊಂಡಳು.